ಅಮ್ಮ ಕೇಳಿದ ಅರ್ಥ

ಸ್ಪೋಕನ್ ಇಂಗ್ಲಿಷ್ ತರಗತಿಗೆಂದು ‘ಪ್ರೊಕ್ರಾಸ್ಟಿನೇಷನ್’ ಪದವನ್ನು ಗಟ್ಟಿಯಾಗಿ ಉರು ಹೊಡೆಯುತ್ತಿದ್ದೆ. ಅಮ್ಮ ಹತ್ತಿರ ಬಂದು ಅರ್ಥ ಕೇಳಿದಳು. ಮಾಡಬೇಕಾದ ಕೆಲಸವನ್ನು ನಾಳೆ, ನಾಡಿದ್ದು ಎಂದು ಮುಂದೂಡುವುದು ಅಂತ ಅವಳ ಕಿವಿಯ ಬಳಿ ಕೂಗಿ ಹೇಳಿದೆ.

“ಹಂಗಾರೆ ನನ್ ಕಿವಿ ತೋರ್ಸಕ್ಕೆ ಹೋಗೋದೂ ಅದೇ ಅಲ್ದನೇ?” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದು ಬೇಸಿಗೆಯಿಂದಲೂ ಅವಳು ಕೇಳುತ್ತಿದ್ದಳು. ಮುಂದಿನ ವಾರ ಹೋಗೋಣ ಎನ್ನುತ್ತಲೇ ಬಂದಿದ್ದೆ.

ಮರುದಿನವೇ ಹೊಸನಗರದಿಂದ ಸಾಗರಕ್ಕೆ ಬಸ್ಸಿನಲ್ಲಿ ಕರೆದೊಯ್ದೆ. ಬಲಗಿವಿ ಇನ್ನು ಸರಿಹೋಗುವುದು ಕಷ್ಟ ಎಂದ ವೈದ್ಯರು, ಇಷ್ಟು ತಡ ಯಾಕೆ ಮಾಡಿದಿರಿ ಎಂದು ಗಟ್ಟಿಯಾಗಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, “ನಾನೇ ಬರಲ್ಲ ಅಂತ ಹಟ ಮಾಡ್ತಿದ್ದೆ ಡಾಕ್ಟ್ರೇ” ಎಂದುಬಿಟ್ಟಳು. ಅವರು ಅವಳನ್ನೇ ಬೈದರು.

ನನಗೆ ಸೇರಬೇಕಿದ್ದ ಬೈಗುಳವನ್ನು ಅಮ್ಮ ತಲೆಯಾಡಿಸುತ್ತ ಕೇಳಿಸಿಕೊಂಡಳು.