ಸೋತ ಹಾಡಿಗೆ ಮಾತ್ರ ಯೂಡೀನ್ ಹೆಸರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಲ್ಮಾಂಟಿನ ಇಳಿಜಾರು ಓಣಿಯ ಕೊನೆಯ ತಗಡಿನ ಶೆಡ್ಡಿನಲ್ಲಿ ಯೂಡೀನ್ ಪ್ಯಾಸ್ಕಲ್ ಖಾಲಿ ಬಾಟಲಿಯೊಂದನ್ನು ಚಮಚದಿಂದ ಬಡಿಯುತ್ತ ನಿಂತಿದ್ದಾರೆ. ಎದುರಿಗೆ ಮೈಕ್ ಹಿಡಿದು ಬೆವರುತ್ತಿರುವವನು ಪ್ರಿನ್ಸ್ ಜಿಂಜರ್. ಹೌದು, ಪೋರ್ಟ್ ಆಫ್ ಸ್ಪೇನಿನ ಪ್ರತಿ ತಿರುವಿನಲ್ಲೂ ಆಳೆತ್ತರದ ಚಿತ್ರವಾಗಿ ಹಲ್ಲು ಕಿರಿಯುತ್ತಿರುವ ಅದೇ ಜಿಂಜರ್, ಈ ಕಾರ್ನಿವಲ್ಲಿನಲ್ಲಿ ಸೋಕಾ ಹಾಡಿನ ರಾಜನಾಗಲು ಹೊರಟವನು. ರಾತ್ರಿಯಿಡೀ ಎಲ್ಲೆಲ್ಲೋ ಹಾಡಿ, ನಿದ್ದೆಗೆಟ್ಟು, ನೇರ ಇಲ್ಲಿಗೆ ಬಂದಿದ್ದಾನೆ. ಯೂಡೀನ್ ಶಾಲೆಯ ಅಡುಗೆಮನೆಯ ಏಪ್ರನ್ ಕಟ್ಟಿಕೊಂಡೇ ಬಂದಿದ್ದಾರೆ. ಇಲ್ಲಿಂದ ಅವರು ಹೋಗಬೇಕಾದದ್ದು ಅಲ್ಲಿಗೇ.

“ಉಸಿರು ಎಲ್ಲಿ ತಗೋತಿದ್ಯಾ?”

“ಸಾಲಿನ ಕೊನೇಲಿ, ಟಾಂಟಿ.” ಟಾಂಟಿ ಎಂದರೆ ಚಿಕ್ಕಮ್ಮ, ಇಲ್ಲಿ ಎಲ್ಲರಿಗೂ ಯೂಡೀನ್ ಹಾಗೇ.

“ನೀನು ಕೊನೇಲಿ ನಿಂತು ಸುಧಾರಿಸ್ಕೊಳ್ಳೋ ತನಕ ಜನ ಏನ್ ಮಾಡ್ಬೇಕು? ಒಂದು ಕಾಲು ಎತ್ಕೊಂಡೇ ನಿಂತಿರ್ಬೇಕಾ? ‘ಬಿಡಿ’ ಅಂತೀಯಲ್ಲ, ಅಲ್ಲೇ ಕದ್ದು ಎಳ್ಕೋ. ಯಾರಿಗೂ ಗೊತ್ತಾಗ್ಬಾರ್ದು.”

ಹಿಂದೆ ನಿಂತ ಮೂವರು ಸಹಗಾಯಕಿಯರು ಮುಸಿಮುಸಿ ನಗುತ್ತಾರೆ. ಅವರಲ್ಲಿ ಹಿರಿಯಳಾದ ಜಿಝೆಲ್, “ಕದಿಯೋದನ್ನ ಅವನಿಗೆ ಬೇರೆ ಹೇಳ್ಕೊಡ್ಬೇಕಾ ಟಾಂಟಿ?” ಎನ್ನುತ್ತಾಳೆ. ಜಿಂಜರ್ ಕೇಳಿಸದವನಂತೆ ನೀರು ಕುಡಿಯುತ್ತಾನೆ.

ಕ್ರಿಸ್‌ಮಸ್ ಕಳೆದಾಗಿನಿಂದ ಈ ದ್ವೀಪದಲ್ಲಿ ‘ಜಾಗ ಬಿಡಿ’ ಹಾಡು ಕೇಳದ ಕಿವಿಯಿಲ್ಲ. ‘ಜಾಗ ಬಿಡಿ, ಜಾಗ ಬಿಡಿ, ಕೆಲಸ ಮುಗಿಸಿ ಬಂದಿದ್ದೀವಿ’ ಎಂದು ಹೊಸಿಲಲ್ಲಿ ಕೂತ ಅಜ್ಜಿಯರೂ ಸೊಂಟ ಅಲುಗಿಸುತ್ತಾರೆ. ಅದರ ಮಾತು ಯೂಡೀನರದು, ರಾಗ ಯೂಡೀನರದು. ಎರಡನೆಯ ಚರಣದ ನಂತರ ಜಿಂಜರ್ ಹಾಕುವ, ಹುಡುಗಿಯರೆಲ್ಲ ಪ್ರಾಣ ಬಿಡುವ ಆ ಕೇಕೆಯೂ ಯೂಡೀನರದೇ. ಅದನ್ನು ಕಲಿಸುವುದಕ್ಕೇ ಒಂದು ವಾರ ಹಿಡಿಯಿತಂತೆ.

ಪಾಠ ಮುಗಿಸಿ ಜಿಂಜರ್ ರೇಡಿಯೋ ಸಂದರ್ಶನಕ್ಕೆ ಹೊರಡುತ್ತಾನೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನಾನೂ ಯೂಡೀನರೂ ಶಾಲೆಯ ಕಡೆಗೆ ಮ್ಯಾಕ್ಸಿ ವ್ಯಾನು ಹತ್ತುತ್ತೇವೆ. ಗಾಡಿ ಶಾಲೆಯ ಹತ್ತಿರ ಬರುವಷ್ಟರಲ್ಲಿ ಜಿಂಜರನ ದನಿ ರೇಡಿಯೋದಲ್ಲಿ ಬರುತ್ತದೆ. ಈ ಹಾಡು ಎಲ್ಲಿಂದ ಬಂತು ಎಂದು ಸಂದರ್ಶಕ ಕೇಳುತ್ತಾನೆ. “ಮರಾಕಸ್ ಕಡಲಲ್ಲಿ ಈಜ್ತಾ ಇದ್ದೆ. ದೊಡ್ಡ ಅಲೆ ಬಂತು, ಅದರ ಜೊತೆ ಹಾಡೂ ಬಂತು. ಎಲ್ಲಾ ದೇವರ ದಯೆ.”

ಚಾಲಕ ವಾಲ್ಯೂಮ್ ಏರಿಸುತ್ತಾನೆ. ಪಕ್ಕದ ಸೀಟಿನ ಹೆಂಗಸು, “ಎಂಥಾ ತಲೆ ನೋಡಿ ಆ ಹುಡುಗಂದು” ಎಂದು ಯೂಡೀನರ ತೊಡೆ ತಟ್ಟುತ್ತಾಳೆ.

“ಹೌದಮ್ಮ,” ಎನ್ನುತ್ತಾರೆ ಯೂಡೀನ್. ಆಮೇಲೆ ನನ್ನ ಕಡೆ ಬಾಗಿ, “ಅವನಿಗೆ ಈಜೋಕೇ ಬರಲ್ಲ” ಎನ್ನುತ್ತಾರೆ.

ಅವರು ನಗುತ್ತಾರೆ, ನನಗೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಈ ಅಂಕಣಕ್ಕೆ ಇಂಥವರನ್ನು ಹುಡುಕಿ ತಂದು ‘ಎಲೆಮರೆಯ ಕಾಯಿ’ ಎಂದು ಹೊಗಳಿ ಕೈತೊಳೆದುಕೊಳ್ಳುವುದು ನಮ್ಮ ರೂಢಿ. ಇಲ್ಲಿ ಯಾವ ಎಲೆಯೂ ತಾನಾಗಿ ಅಡ್ಡ ಬಂದಿಲ್ಲ, ಕಣ್ಣೆದುರೇ ಎಲೆ ತಂದು ಮುಚ್ಚುತ್ತಿದ್ದಾರೆ. ಮುಚ್ಚುವವರ ಹೆಸರೂ ಎಲ್ಲರಿಗೂ ಗೊತ್ತು.

ಯೂಡೀನರ ತಾಯಿ ಕಲಿಪ್ಸೋ ಹಾಡುಗಾರಿಕೆಯ ಹಳೆಯ ಡೇರೆಯಲ್ಲಿ ಗಂಡಸರ ಹಿಂದೆ ನಿಂತು ಪಲ್ಲವಿ ಹಾಡುತ್ತಿದ್ದವರು. ಮಗಳು ಮುಂದೆ ನಿಲ್ಲಬೇಕೆಂದು ಆಸೆಪಟ್ಟಿದ್ದರು. ಯೂಡೀನ್ ನಿಂತದ್ದೂ ಉಂಟು, ಇಪ್ಪತ್ತನಾಲ್ಕರ ಪ್ರಾಯದಲ್ಲಿ, ತಾವೇ ಕಟ್ಟಿದ ಹಾಡಿನೊಂದಿಗೆ. ಆಗ ಅವರು ಬಸುರಿ. ಡೇರೆಯ ಯಜಮಾನ ಹೊಟ್ಟೆಯನ್ನೊಮ್ಮೆ ನೋಡಿ, “ದನಿ ಪರವಾಗಿಲ್ಲ, ಆದ್ರೆ ಜನ ಸೊಂಟ ನೋಡೋಕೆ ಬರ್ತಾರಮ್ಮ” ಎಂದು ಮನೆಗೆ ಕಳಿಸಿದನಂತೆ. ಹಾಡನ್ನು ಮಾತ್ರ ಇಟ್ಟುಕೊಂಡು ಬೇರೊಬ್ಬನ ಬಾಯಿಗೆ ಹಾಕಿದ. ಆ ವರ್ಷ ಗೆದ್ದದ್ದು ಅದೇ ಹಾಡು. ಯೂಡೀನ್ ಅದನ್ನು ಆಸ್ಪತ್ರೆಯ ಬಾಣಂತಿ ಕೋಣೆಯಲ್ಲಿ ಮಲಗಿ, ಕಿಟಕಿಯಾಚೆ ಹೋಗುತ್ತಿದ್ದ ಕಾರ್ನಿವಲ್ ಮೆರವಣಿಗೆಯ ಹಾಡಿನ ಲಾರಿಯಿಂದ ಕೇಳಿಸಿಕೊಂಡರು.

“ಮಗೂಗೆ ಹಾಲು ಕುಡಿಸ್ತಾ ನಾನೂ ಜೊತೆಗೆ ಹಾಡ್ದೆ. ನರ್ಸಮ್ಮ ‘ನಿಂಗೂ ಈ ಹಾಡು ಇಷ್ಟಾನಾ’ ಅಂದ್ಳು. ಏನ್ ಹೇಳ್ಲಿ?”

ಅಲ್ಲಿಂದಾಚೆ ಅವರ ಹಾಡುಗಳು ಲಾರಿ ಹತ್ತಿವೆ, ಅವರು ಹತ್ತಿಲ್ಲ. ಕಾರ್ನಿವಲ್ ಮುಗಿದು ಬೂದಿ ಬುಧವಾರ ಬಂದರೆ ಊರಿನ ಬಾಯಿ ಬಂದ್. ಗೆದ್ದ ಗಾಯಕರು ಟೊರಾಂಟೋ, ಲಂಡನ್ನಿನ ಕಾರ್ನಿವಲ್ಲುಗಳಿಗೆ ವಿಮಾನ ಹತ್ತುತ್ತಾರೆ. ಯೂಡೀನ್ ಶಾಲೆಯ ದೊಡ್ಡ ಹಂಡೆಯಲ್ಲಿ ಕೋಳಿ-ಅನ್ನದ ಪೆಲಾವ್ ತಿರುವುತ್ತಾರೆ, ಕೋಳಿಗೆ ಸಕ್ಕರೆ ಕರಗಿಸಿ ಬಣ್ಣ ಹಿಡಿಸುತ್ತಾರೆ, ಸೌಟಿನ ತಾಳಕ್ಕೆ ಮುಂದಿನ ವರ್ಷದ ಹಾಡು ಗುನುಗುತ್ತಾರೆ.

ಅಡುಗೆಮನೆಯಲ್ಲಿ ಅವರನ್ನು ರೇಗಿಸುವ ಒಂದು ಮಾತಿದೆ. ಯಾರಾದರೂ ತಡವಾಗಿ ಬಂದರೆ, “ಟಾಂಟಿ ಹಾಡಿನ ಹಾಗೆ ಬಂದ್ಯಲ್ಲೇ” ಎನ್ನುತ್ತಾರೆ. ಇದರ ಹಿಂದೊಂದು ಕಥೆಯಿದೆ. ಕಾರ್ನಿವಲ್ ಮಂಗಳವಾರ ವೇಷದ ತಂಡಗಳು ಬಿಸಿಲಲ್ಲಿ ತಾಸುಗಟ್ಟಲೆ ಕಾಯುವುದು ಸವಾನ್ನಾ ಮೈದಾನದ ವೇದಿಕೆ ದಾಟುವ ಆ ಕೆಲವೇ ನಿಮಿಷಕ್ಕೆ. ವೇದಿಕೆಗೆ ಕಾಲಿಟ್ಟ ಕ್ಷಣವೇ ಪಲ್ಲವಿ ಸಿಡಿಯಬೇಕು. ಒಂದು ವರ್ಷ ಯೂಡೀನರಿಗೆ ಚಂದದ ಪೀಠಿಕೆ ಬರೆಯುವ ಹುಚ್ಚು ಹಿಡಿಯಿತು. ರಾಗ ಮೆಲ್ಲಗೆ ಏರುತ್ತದೆ, ಸಮುದ್ರ, ಮುಂಜಾವು, ಏನೇನೋ. ಪಲ್ಲವಿ ಬರುವಷ್ಟರಲ್ಲಿ ತಂಡ ವೇದಿಕೆಯ ಆಚೆ ಇಳಿದಾಗಿತ್ತು. ರೆಕ್ಕೆ ಗರಿ ಕಟ್ಟಿಕೊಂಡ ಸಾವಿರಾರು ಜನ ಬ್ಯಾಂಕಿನ ಸಾಲಿನಲ್ಲಿ ನಿಂತವರ ಹಾಗೆ ಸುಮ್ಮನೆ ನಡೆದುಹೋದರು.

“ಆಗ ನೋಡ್ಬೇಕಿತ್ತು,” ಎನ್ನುತ್ತಾರೆ ಯೂಡೀನ್. “ಗಾಯಕ ಟೀವಿಲಿ ಕೂತು ‘ನಂದೇನೂ ತಪ್ಪಿಲ್ಲ, ಬರ್ದಿದ್ದು ಬೆಲ್ಮಾಂಟಿನ ಯೂಡೀನ್ ಪ್ಯಾಸ್ಕಲ್’ ಅಂದ. ಪೂರ್ತಿ ಹೆಸ್ರು, ಊರಿನ ಸಮೇತ. ಮಾರ್ಕೆಟ್ಟಲ್ಲಿ ಮೀನಿನವಳೂ ಬೈದ್ಲು. ಗೆದ್ದ ಹಾಡು ಅಲೆಯಿಂದ ಬರುತ್ತೆ, ಸೋತ ಹಾಡು ಯೂಡೀನಿಂದ.”

ಇಷ್ಟು ಹೇಳಿ ಅವರು ಈರುಳ್ಳಿ ಹೆಚ್ಚಲು ಕೂರುತ್ತಾರೆ. ಇಡೀ ಊರು ಕುಣಿಯುವ ಹಾಡು ಕಟ್ಟಿದವರಿಗೆ ಒಂದು ಹೆಸರನ್ನು ಕೊಡಲಾರದಷ್ಟು ಬಡವರೇ ನಾವು? ಕೇಳಬೇಕೆನಿಸುತ್ತದೆ. ಯಾರನ್ನು ಕೇಳುವುದು?

ಯೂಡೀನ್ ಕೇಳಿಯೇ ಇದ್ದಾರೆ. ಈ ಭಾನುವಾರ ಸೋಕಾ ರಾಜನನ್ನು ಆರಿಸುವ ದೊಡ್ಡ ಸ್ಪರ್ಧೆಯ ಅಂತಿಮ ಸುತ್ತು. ಪ್ರತಿ ಹಾಡಿಗೆ ಮುನ್ನ ನಿರೂಪಕ, ಮಾತು ಮತ್ತು ರಾಗ ಯಾರದೆಂದು ಓದುತ್ತಾನೆ. ಗಾಯಕನ ಕಡೆಯವರು ಕೊಟ್ಟದ್ದನ್ನೇ ಅವನು ಓದುವುದು. ಇಷ್ಟು ವರ್ಷವೂ ‘ಜಿಂಜರ್ ಮತ್ತು ಬಳಗ’ ಎಂದೇ ಓದಿದ್ದಾನೆ. ಈ ಸಲ ತಮ್ಮ ಹೆಸರು ಓದಿಸಬೇಕೆಂದು ಯೂಡೀನ್ ಜಿಂಜರನ ಮ್ಯಾನೇಜರ್ ಡೆಸ್ಮಂಡ್ ಬಳಿ ಹೋದರು. “ಟಾಂಟಿ, ನೀವು ನಮ್ಮ ತಾಯಿ ಇದ್ದ ಹಾಗೆ. ತಾಯಿ ಎಲ್ಲಾದ್ರೂ ಹೆಸರು ಕೇಳ್ತಾಳಾ?” ಎಂದನಂತೆ ಆ ಮಹಾರಾಯ.

“ನಾನು ನಾಲ್ಕು ಹೆತ್ತಿದೀನಿ,” ಎನ್ನುತ್ತಾರೆ ಯೂಡೀನ್. “ನಾಲ್ಕಕ್ಕೂ ಸ್ಕೂಲಲ್ಲಿ ತಾಯಿ ಹೆಸರು ಬರ್ಸಿದೀನಿ.”

ಸಂಜೆ ಮತ್ತೆ ಶೆಡ್ಡಿಗೆ ಬರುತ್ತೇವೆ. ಈಗ ವಾದ್ಯದವರೆಲ್ಲ ಇದ್ದಾರೆ, ಡೆಸ್ಮಂಡ್ ಕೂಡ. ಅಂತಿಮ ಸುತ್ತಿಗೆಂದು ಯಾರೂ ಕೇಳಿರದ ಹೊಸ ಚರಣವೊಂದನ್ನು ಹಾಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅದಿಲ್ಲದೆ ಹೋದವರನ್ನು ಜನ ಟಾಯ್ಲೆಟ್ ಪೇಪರ್ ಬೀಸಿ ಅಣಕಿಸುತ್ತಾರೆ. ಜಿಂಜರ್ ಆ ಚರಣಕ್ಕೇ ಕಾದಿದ್ದಾನೆ. ಯೂಡೀನ್ ಬಾಟಲಿ ಬಡಿಯುತ್ತ ಒಂದೊಂದೇ ಸಾಲು ಹೇಳಿಕೊಡುತ್ತಾರೆ. ಅವನ ಮುಖ ಅರಳುತ್ತದೆ, ಅಷ್ಟು ಚೆನ್ನಾಗಿದೆ ಚರಣ. ಕೊನೆಗೆ ಬರುತ್ತದೆ ಈ ಸಾಲು:

‘ಹಾಡಿದ್ದು ನಾನು, ಕುಣಿದಿದ್ದು ನೀವು, ಕಟ್ಟಿ ಕೊಟ್ಟಿದ್ದು ಯೂಡೀನ್.’

ಮೈಕ್ ಕೆಳಗಿಳಿಯುತ್ತದೆ.

“ಟಾಂಟಿ, ಇದೊಂದು ಬೇಡ,” ಎನ್ನುತ್ತಾನೆ ಜಿಂಜರ್.

“ಬೇಡ ಅಂದ್ರೆ ಬಿಡಪ್ಪ. ಬಾಯಿ ನಿಂದು.”

ವಾದ್ಯ ಶುರುವಾಗುತ್ತದೆ. ಜಿಂಜರ್ ಚರಣವನ್ನು ಸೊಗಸಾಗಿ ಹಾಡಿ, ‘ಕುಣಿದಿದ್ದು ನೀವು’ ಎಂಬಲ್ಲಿಗೆ ಬಾಯಿ ಮುಚ್ಚುತ್ತಾನೆ. ಮಿಕ್ಕ ಅರ್ಧ ಸಾಲನ್ನು ಹಿಂದಿನಿಂದ ಮೂವರು ಹುಡುಗಿಯರು ಒಂದೇ ಕೊರಳಲ್ಲಿ ಎತ್ತಿ ಹಾಡುತ್ತಾರೆ. ತಗಡು ನಡುಗುತ್ತದೆ. ಡ್ರಮ್ಮಿನವನು ನಗು ತಡೆಯಲಾರದೆ ತಾಳ ತಪ್ಪುತ್ತಾನೆ.

ಡೆಸ್ಮಂಡ್ ಕೆಂಡವಾಗಿ ಅವರತ್ತ ತಿರುಗುತ್ತಾನೆ. “ಯಾರು ಹೇಳಿದ್ದು ನಿಮಗೆ ಇದನ್ನ ಹಾಡೋಕೆ?”

“ಟಾಂಟಿ ಕಲಿಸಿದ್ದೇ ಹೀಗೆ,” ಎನ್ನುತ್ತಾಳೆ ಜಿಝೆಲ್, ಉಗುರು ನೋಡಿಕೊಳ್ಳುತ್ತ. “ಬೇರೆ ಸಾಲು ಬೇಕಿದ್ರೆ ಬರ್ಕೊಡಿ, ಹಾಡ್ತೀವಿ. ನೀವೂ ಬಳಗದವರೇ ಅಲ್ವಾ?”

ಡೆಸ್ಮಂಡ್ ನನ್ನತ್ತ ಬೆರಳು ತೋರಿಸಿ, “ಇದನ್ನ ಬರೀಬೇಡಿ” ಎನ್ನುತ್ತಾನೆ. ಬರೆದಿದ್ದೇನೆ. ಭಾನುವಾರಕ್ಕೆ ಮುಂಚೆ ಆ ಹುಡುಗಿಯರನ್ನು ಬದಲಾಯಿಸಿದರೆ ಅದನ್ನೂ ಬರೆಯುತ್ತೇನೆ.

ಜಿಂಜರ್ ಕೊನೆಗೆ ಯೂಡೀನರ ಹತ್ತಿರ ಬಂದು, “ಆ ಸಾಲಲ್ಲಿ ಉಸಿರು ಎಲ್ಲಿ ತಗೋಬೇಕು ಟಾಂಟಿ?” ಎಂದು ಕೇಳುತ್ತಾನೆ. ಹಾಡುತ್ತಾನೋ, ಸುಮ್ಮನೆ ಕೇಳಿದನೋ, ದೇವರೇ ಬಲ್ಲ. ಯೂಡೀನ್ ಹೇಳಿಕೊಡುತ್ತಾರೆ, ಎರಡೆರಡು ಸಲ.

ಭಾನುವಾರ ಮೈದಾನಕ್ಕೆ ಹೋಗುತ್ತೀರಾ ಎಂದು ನಾನು ಕೇಳುತ್ತೇನೆ. ಚಮಚವನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಅವರು ಅನ್ನುತ್ತಾರೆ:

“ಹೋಗ್ದೆ ಇರ್ತೀನಾ? ಸೋತ ಹಾಡಲ್ಲಿ ನನ್ನ ಹೆಸ್ರು ಹೇಗೆ ಕೇಳ್ಸುತ್ತೆ ಅಂತ ಗೊತ್ತು. ಗೆಲ್ಲೋ ಹಾಡಲ್ಲಿ ಹೇಗಿರುತ್ತೋ, ಒಂದ್ಸಲ ಕೇಳ್ಬೇಕು.”