ಅವ್ವ ಕೇಳಿದ ನೀರು

"ನೀರು" ಎಂದಳು ಅವ್ವ. ಮೂರು ದಿನದ ಜ್ವರಕ್ಕೆ ಅವಳ ತುಟಿ ಒಡೆದಿತ್ತು. ಲೋಟ ನನ್ನ ಕೈಯಲ್ಲೇ ಇತ್ತು. ಆದರೂ ನಾನು, "ಸ್ವಾಮಿಯೋರು ಪ್ರಸಾದ ತರ್ತಾವ್ರೆ, ಇನ್ನೊಂಚೂರು ತಡ್ಕೊಳವ್ವ" ಎಂದೆ.

ಅದು ಎರಡನೇ ಮಹಾಯುದ್ಧ ಮುಗಿದ ವರ್ಷ, ಸೂಲಿಬೆಲೆಯಲ್ಲಿ. ಆಗೆಲ್ಲ ನಾವು ಕ್ರೈಸ್ತರು ಪ್ರಸಾದ ಸ್ವೀಕರಿಸುವ ದಿನ ನಡುರಾತ್ರಿಯಿಂದಲೇ ಹನಿ ನೀರೂ ಕುಡಿಯುವಂತಿರಲಿಲ್ಲ. ಬಸುರಿಯಾಗಿದ್ದಾಗಲೂ ಬರಿಹೊಟ್ಟೆಯಲ್ಲಿ ಮೈಲಿಗಟ್ಟಲೆ ನಡೆದು ಚರ್ಚಿನ ಪೂಜೆಗೆ ಹೋದವಳು ಅವ್ವ. ಆ ಬೆಳಗ್ಗೆ ನಾನು ಎರಡು ಸಲ ಹಿಡಿದ ಲೋಟವನ್ನು ಅವಳೇ ಸರಿಸಿದ್ದಳು. ಆಮೇಲೆ ಅವಳಾಗಿಯೇ ಕೇಳಿದಾಗ, ಅವಳ ವ್ರತ ನನ್ನಿಂದ ಕೆಡಬಾರದೆಂದು ನಾನು ಕೊಡಲಿಲ್ಲ.

ಪಾದ್ರಿ ಸ್ವಾಮಿಗಳು ಬರುತ್ತಿದ್ದ, ಇದ್ದಿಲಿನಿಂದ ಓಡುವ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಅವರು ಬಂದಾಗ ಅವ್ವನ ಕಣ್ಣು ಮುಚ್ಚಿಸಿ, ಕೈಗೆ ಜಪಸರ ಸುತ್ತಿ ಆಗಿತ್ತು. ನಡೆದದ್ದನ್ನು ಹೇಳಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ಸಾಯೋರಿಗೆ ಆ ಕಟ್ಟಳೆ ಇಲ್ಲ ಮಗಳೇ, ಕೊಡಬಹುದಿತ್ತು" ಎಂದರು.

ಈಗ ನೀರಿಗೆ ಆ ಕಟ್ಟಳೆ ಯಾರಿಗೂ ಇಲ್ಲ. ಮೊಮ್ಮಕ್ಕಳು ಬಾಟಲಿ ಹಿಡಿದೇ ಪೂಜೆಗೆ ಬರುತ್ತಾರೆ. ನಾನು ಮಾತ್ರ ಇಂದಿಗೂ ಪ್ರಸಾದಕ್ಕೆ ಮುಂಚೆ ಗುಟುಕು ನೀರು ಕುಡಿಯುವುದಿಲ್ಲ. ಮನೆಯವರೆಲ್ಲ ಅದನ್ನು ಭಕ್ತಿ ಎಂದುಕೊಂಡಿದ್ದಾರೆ.