ನೋವು ನಿಂತ ಪಂಚಮಿ

ಆಗೆಲ್ಲ ಪಂಚಮಿ ಬಂತೆಂದರೆ ಗುಂಡಗುರ್ತಿಯ ಹೆಣ್ಣುಮಕ್ಕಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮನೆಯೊಳಗೆ ಜೋಳದ ಅಳ್ಳು ಹುರಿದ ಘಮ, ಬೆಲ್ಲದ ಪಾಕದ ಘಮ. ಹೊರಗೆ ಬೇವಿನ ಮರಕ್ಕೆ ಜೋಕಾಲಿ. ಆ ವರ್ಷ ನಮ್ಮ ಮಹಾದೇವಿ ಅಕ್ಕ ನಿಂತುಕೊಂಡೇ ಜೀಕುತ್ತಿದ್ದಳು.

"ಏ ಅಂಜಬುರಕಿ, ಬಾ! ಇಲ್ಲಿಂದ ಚಿತ್ತಾಪುರ ಸ್ಟೇಷನ್ ಕಾಣಸ್ತದ!" ಎಂದು ನನ್ನನ್ನು ಕೆಣಕಿದಳು.

ಮಳೆಗೆ ನೆನೆದಿದ್ದ ಹಗ್ಗದಿಂದ ಅವಳ ಕೈ ಜಾರಿತು. ಬಲಗೈ ಊರಿ ಬಿದ್ದಳು. ಎದ್ದಾಗ ಮಣಿಕಟ್ಟು ಬಗ್ಗಿದ ಸೌಟಿನಂತೆ ಹಿಂದಕ್ಕೆ ಡೊಂಕಾಗಿತ್ತು.

ಊರಿಗೆಲ್ಲ ಎಲುಬು ಕಟ್ಟುವವನು ಒಬ್ಬ ಮುದುಕ. ಎಲ್ಲರೂ ಮುತ್ಯಾ ಎನ್ನುತ್ತಿದ್ದೆವು. ಹಿಂದಿನ ಬೇಸಿಗೆಯಲ್ಲಿ ನಾನು ಕಟ್ಟೆಯಿಂದ ಬಿದ್ದಾಗ ನನ್ನ ಮಣಿಕಟ್ಟಿಗೂ ಅವನೇ ಕಟ್ಟಿದ್ದ, ನೆಟ್ಟಗಾಗಿತ್ತು. ಚಿತ್ತಾಪುರದ ದವಾಖಾನೆಗೆ ಹೋಗೋಣ ಎಂದ ಅಪ್ಪನಿಗೆ ಅವ್ವ ನನ್ನ ಕೈ ಎತ್ತಿ ತೋರಿಸಿದಳು. "ಇದನ್ನ ಯಾರು ಕೂಡ್ಸ್ಯಾರ? ದವಾಖಾನಿಯವರೇನು?"

ಮುತ್ಯಾ ಬಿದಿರಿನ ಸೀಳುಗಳನ್ನಿಟ್ಟು, ತತ್ತಿಯ ಲೋಳೆಯಲ್ಲಿ ಉದ್ದಿನ ಹಿಟ್ಟು ಕಲಸಿ ಬಳಿದು, ಬಟ್ಟೆ ಬಿಗಿದ. ಒಣಗಿದಷ್ಟೂ ಬಿಗಿಯಾಗುವ ಕಟ್ಟು ಅದು. "ಮುಂದಿನ ಸ್ವಾಮಾರತನಕ ಬಿಚ್ಚಬ್ಯಾಡ್ರಿ. ನಡುವ ಬಿಚ್ಚಿದ್ರ ಎಲುಬು ಕೂಡೂದಿಲ್ಲ," ಎಂದ.

ಸಂಜೆಯಿಂದ ಅಕ್ಕ ಅಳತೊಡಗಿದಳು.

"ಯವ್ವಾ, ಜರಾ ಸಡಲ ಮಾಡವ್ವ. ಬೆರಳು ಸಿಡ್ಯಾಕತ್ತಾವ."

"ಎಲುಬು ಕೂಡಾಕತ್ತದ ಮಗಳ, ಅದಕ್ಕ ನೋವು. ತಡಕೋ." ಅವ್ವನೂ ಅಳುತ್ತಲೇ ಹೇಳಿದಳು.

ಬೆರಳುಗಳು ಬಾತು ಬದನೆಕಾಯಿಯ ಬಣ್ಣಕ್ಕೆ ತಿರುಗಿದವು. ಮರುದಿನ ಮಧ್ಯಾಹ್ನ ನೋವು ನಿಂತಿತು. ಅವ್ವ ದೇವರಿಗೆ ದೀಪ ಹಚ್ಚಿದಳು. ಅಕ್ಕ ಎಡಗೈಯಿಂದ ಎಳ್ಳುಂಡಿ ತಿಂದಳು. ಎಲ್ಲರೂ ನಕ್ಕೆವು.

ಆಟಕ್ಕೆಂದು ಅವಳ ಕಟ್ಟು ಹಾಕಿದ ಕೈಯ ಬೆರಳು ಚಿವುಟಿದೆ. ಬೈಯಲಿಲ್ಲ. ಜೋರಾಗಿ ಚಿವುಟಿದೆ. ಬೆರಳು ತಣ್ಣಗಿತ್ತು.

"ಅಕ್ಕಾ, ಚೂಟಾಕತ್ತೀನಿ, ತಿಳೀವಲ್ದೇನ?"

"ಎಲ್ಲಿ?" ಎಂದಳು.

ಅಪ್ಪ ಅವಳನ್ನು ಎತ್ತಿಕೊಂಡು ಬಸ್ಸಿಗೆ ಓಡಿದ. ಹಿಂದೆ ಅವ್ವ, ನಾನು. ಚಿತ್ತಾಪುರದ ಡಾಕ್ಟರು ಕಟ್ಟು ಕತ್ತರಿಸಿದರು. ಚರ್ಮದಲ್ಲಿ ಬಿದಿರಿನ ಗೆರೆಗಳು ಆಳವಾಗಿ ಇಳಿದಿದ್ದವು. ಅವ್ವ ಮತ್ತೆ ನನ್ನ ಕೈಯನ್ನೇ ಮುಂದೆ ಹಿಡಿದಳು. "ಇಕಿದು ಕೂಡಿತ್ತಲ್ರೀ ಸಾಹೇಬ್ರ?"

"ಮಣಿಕಟ್ಟು ಮುರಿಯೂದು ಒಂದೇ ನಮೂನಿ ಇರೂದಿಲ್ಲವ್ವ. ಇಕಿದು ಹಸಿ ಕಡ್ಡಿ ಹಂಗ ಒಂದು ಮಗ್ಗಲಿಗೆ ಸೀಳಿದ್ದೀತು. ಅಲ್ಲಾಡದಂಗ ಇಟ್ರ ಸಾಕು, ಕೂಡ್ತದ. ದೊಡ್ಡಾಕಿದು ತುಂಡಾಗಿ ಹಿಂದಕ್ಕ ಸರದದ. ಮೊದ್ಲು ಎಳದು ನೆಟ್ಟಗ ಕೂಡಿಸಬೇಕು, ಬಾವು ಇಳಿಯೂತನಕ ಬಿಗೀಬಾರ್ದು. ಉಗುರು ಒತ್ತಿ ಬಿಟ್ರ ಕೆಂಪು ತಿರುಗಿ ಬರಬೇಕು."

ಹಾಗೆಂದು ಅಕ್ಕನ ಉಗುರು ಒತ್ತಿ ಬಿಟ್ಟರು. ಎಲ್ಲರೂ ಬಗ್ಗಿ ನೋಡಿದೆವು. ಕೆಂಪು ಬರಲಿಲ್ಲ.

"ನೋವು ನಿಂತಿತ್ರೀ, ಆರಾಮ ಆಯ್ತಂತ..." ಎಂದಳು ಅವ್ವ.

"ರಕ್ತ ನಿಂತಿತ್ತವ್ವ," ಎಂದು ಅವರು ಗುಲ್ಬರ್ಗಾಕ್ಕೆ ಚೀಟಿ ಬರೆದರು.

ಅಲ್ಲಿ ಕೈ ಕತ್ತರಿಸದೆ ಉಳಿಸಿದರು. ಆದರೆ ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೆಯೇ ನಿಂತುಬಿಟ್ಟವು. ಮರುವರ್ಷ ಪಂಚಮಿಗೆ ಓಣಿಯ ಹುಡುಗಿಯರು ಜೋಕಾಲಿಗೆ ಕರೆಯಲು ಬಂದರೆ, "ನೀವು ಆಡ್ರಿ," ಎಂದು ಅಕ್ಕ ಬಾಗಿಲು ಮುಂದೆ ಮಾಡಿದಳು.

ನಾನು ಕಾಲೇಜು ಓದಿದೆ, ಬೇರೆ ಊರು ಸೇರಿದೆ. ಯಾರಾದರೂ ನೋವು ನಿಂತಿತೆಂದರೆ ಈಗಲೂ ಅವರ ಉಗುರು ನೋಡುತ್ತೇನೆ. ಅಕ್ಕನ ಮನೆಗೆ ಹೋದಾಗಲೆಲ್ಲ ಆ ಬೆರಳುಗಳ ಮೇಲೆ ಹೊಸದೊಂದು ಸುಟ್ಟ ಗಾಯ ಇರುತ್ತದೆ.

"ಇದು ಯಾವಾಗ ಸುಟ್ಟಿತಕ್ಕಾ?"

ಅವಳು ಮತ್ಯಾರದೋ ಕೈ ನೋಡುವಂತೆ ತಿರುಗಿಸಿ ನೋಡುತ್ತಾಳೆ.

"ನೀ ಕೇಳ್ದಿ ನೋಡು, ಈಗ ಗೊತ್ತಾಯ್ತು."